ಮನೆಯಲ್ಲಿ ಅಯಾನೈಸರ್ ಇದೆಯಾ? ಆ ‘ಫ್ರೆಶ್’ ವಾಸನೆ ಬಂದರೆ ಮೊದಲು ಸ್ವಿಚ್ ಆರಿಸಿ

“ಇದೇನೋ, ಮನೆಯೆಲ್ಲಾ ಜೆರಾಕ್ಸ್ ಅಂಗಡಿ ವಾಸನೆ?” ಊರಿಂದ ಬಂದ ಅಮ್ಮ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಕೇಳಿದ್ದು ಇದನ್ನೇ. ನಮಗೆ ಯಾರಿಗೂ ಆ ವಾಸನೆ ಗೊತ್ತಾಗಿರಲಿಲ್ಲ. ಮಗಳಿಗೆ ಬೆಳಗಾದರೆ ಸೀನು, ಮೂಗು ಕಟ್ಟುವುದು, ಅದಕ್ಕೆ ಅಂತ ಆನ್‌ಲೈನಿನಲ್ಲಿ ಗಾಳಿ ಶುದ್ಧ ಮಾಡುತ್ತದೆ ಅಂತ ಮಾರುವ ಒಂದು ಅಯಾನೈಸರ್ ತರಿಸಿ ಎರಡು ತಿಂಗಳಿಂದ ಹಗಲು ರಾತ್ರಿ ಓಡಿಸುತ್ತಿದ್ದೆವು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ಡಬ್ಬಿ. ಫ್ಯಾನ್ ಇಲ್ಲ, ಫಿಲ್ಟರ್ ಇಲ್ಲ, ಸದ್ದೂ ಇಲ್ಲ. ಒಂದು ನೀಲಿ ದೀಪ, ಅಷ್ಟೇ. ಅಮ್ಮ ಹೇಳಿದ ಮೇಲೆ ಡಬ್ಬಿಯ ಹತ್ತಿರ ಹೋಗಿ ನೋಡಿದರೆ ಅದರ ಸುತ್ತ ಗೋಡೆ ಮೇಲೆ ಅಂಗೈಯಗಲ ಕಪ್ಪು ಮಸಿ ಹಿಡಿದಿತ್ತು.

ಆ ಜೆರಾಕ್ಸ್ ವಾಸನೆ ಓಝೋನಿನದು. ಆ ಮಸಿ, ‘ಶುದ್ಧವಾದ’ ನಮ್ಮ ಗಾಳಿಯಿಂದ ಬಂದ ಧೂಳು. ಈ ಎರಡು ಅರ್ಥವಾದರೆ ಉಳಿದಿದ್ದೆಲ್ಲ ಸುಲಭ. ಅದಕ್ಕೆ ಮೊದಲು ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಆಮೇಲೆ ಒಂದೊಂದಾಗಿ ಏನು ಮಾಡಬೇಕು ಅಂತ ನೋಡೋಣ.

ಡಬ್ಬಿಯೊಳಗೆ ಒಂದು ಸೂಜಿ ಇರುತ್ತದೆ, ಇಲ್ಲವೇ ಕೂದಲಿನಂಥ ಕಾರ್ಬನ್ ಬ್ರಷ್. ಅದಕ್ಕೆ ಸಾವಿರಾರು ವೋಲ್ಟ್ ಕೊಡುತ್ತಾರೆ. ಕರೆಂಟು ತೀರಾ ಕಡಿಮೆ, ವೋಲ್ಟೇಜ್ ಮಾತ್ರ ಜಾಸ್ತಿ. ಸೂಜಿಯ ತುದಿಯಲ್ಲಿ ಗಾಳಿಯ ಕಣಗಳಿಗೆ ವಿದ್ಯುತ್ ಅಂಟಿಕೊಂಡು ಅಯಾನುಗಳಾಗುತ್ತವೆ. ಅವು ಹೋಗಿ ಧೂಳು, ಹೊಗೆ, ಪರಾಗದ ಕಣಗಳಿಗೆ ಅಂಟುತ್ತವೆ. ಹಾಗೆ ವಿದ್ಯುತ್ ಹಿಡಿದ ಧೂಳು ಹತ್ತಿರ ಸಿಕ್ಕ ಗೋಡೆ, ಪರದೆ, ಟಿವಿ, ದಿಂಬು, ನೆಲ ಯಾವುದಾದರೂ ಒಂದಕ್ಕೆ ಹೋಗಿ ಕೂರುತ್ತದೆ. ಗಾಳಿಯಿಂದ ಧೂಳು ಹೋಯಿತು ನಿಜ, ಆದರೆ ಮನೆಯಿಂದ ಹೋಗಲಿಲ್ಲ! ಮಕ್ಕಳು ಹಾಸಿಗೆ ಮೇಲೆ ಒಮ್ಮೆ ಕುಣಿದರೆ ಸಾಕು, ಮತ್ತೆ ಎದ್ದಿತು. ಇನ್ನೊಂದು ಮಾತು, ಇದನ್ನು ಮಾರುವವರು ಹೇಳುವುದಿಲ್ಲ: ವಿದ್ಯುತ್ ಹಿಡಿದ ಕಣ ಗೋಡೆಗೆ ಅಂಟುವ ಹಾಗೇ ನಮ್ಮ ಶ್ವಾಸನಾಳಕ್ಕೂ ಸಲೀಸಾಗಿ ಅಂಟುತ್ತದೆ.

ಅದೇ ಸೂಜಿ ತುದಿಯಲ್ಲಿ ಗಾಳಿಯ ಆಮ್ಲಜನಕ ಒಡೆದು ಮೂರು ಮೂರು ಪರಮಾಣು ಸೇರಿದರೆ ಓಝೋನ್. ಸಿಡಿಲು ಬಡಿದ ಮೇಲೆ ಬರುತ್ತದಲ್ಲ, ಆ ಚುರುಕು ವಾಸನೆ ಇದರದ್ದೇ. ಆಕಾಶದಲ್ಲಿ ಎತ್ತರದಲ್ಲಿದ್ದರೆ ಬಿಸಿಲಿನ ಕೆಟ್ಟ ಕಿರಣ ತಡೆಯುವ ಪುಣ್ಯಾತ್ಮ. ಮೂಗಿನ ಮಟ್ಟಕ್ಕೆ ಬಂದರೆ ಗಂಟಲು ಕೆರೆತ, ಒಣ ಕೆಮ್ಮು, ಎದೆ ಬಿಗಿತ, ಉಬ್ಬಸ ಇದ್ದವರಿಗೆ ಇನ್ನಷ್ಟು ಉಬ್ಬಸ.

ಅಯಾನೈಸರ್ ಎಲ್ಲವೂ ವಿಷ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯದಾಗಿ ಮಾಡಿದ್ದು ತೀರಾ ಕಡಿಮೆ ಓಝೋನ್ ಬಿಡುತ್ತದೆ. ಕೆಟ್ಟದಾಗಿ ಮಾಡಿದ್ದು, ಕೊಳೆ ಹಿಡಿದದ್ದು, ಚಿಕ್ಕ ಕೋಣೆಯಲ್ಲಿ ಕಿಟಕಿ ಮುಚ್ಚಿ ಇಟ್ಟದ್ದು, ತೊಂದರೆ ಇರುವುದು ಅಲ್ಲಿ.

ಮೊದಲು: ನಿಮ್ಮ ಹತ್ತಿರ ಇರುವುದು ಯಾವುದು ಅಂತ ಗುರುತಿಸಿ

ಬಾಕ್ಸ್ ಮೇಲೆ ‘ಅಯಾನೈಸರ್’ ಅಂತಲೇ ಬರೆದಿರಬೇಕು ಅಂತಿಲ್ಲ. ನೆಗೆಟಿವ್ ಅಯಾನ್, ಅನಯಾನ್, ಪ್ಲಾಸ್ಮಾ, ಬೈಪೋಲಾರ್, ಆಕ್ಟಿವ್ ಆಕ್ಸಿಜನ್ ಅಂತ ನೂರೆಂಟು ಹೆಸರು. ‘ಆಕ್ಟಿವ್ ಆಕ್ಸಿಜನ್’ ಅಂದರೆ ಸಾಮಾನ್ಯವಾಗಿ ಓಝೋನಿಗೇ ಇಟ್ಟ ಮುದ್ದಿನ ಹೆಸರು. ಆ ಮಾತು ಕಂಡರೆ ಎಚ್ಚರ.

ಮನೆಗಳಲ್ಲಿ ಸಿಗುವುದು ಹೆಚ್ಚುಕಡಿಮೆ ನಾಲ್ಕು ಬಗೆ. ನಮ್ಮಲ್ಲಿದ್ದಂಥ ಬರೀ ಸೂಜಿಯ ಡಬ್ಬಿ ಒಂದು. ಎರಡನೆಯದು ಫಿಲ್ಟರ್ ಇರುವ ಪ್ಯೂರಿಫೈಯರ್ ಅಥವಾ ಏಸಿಯೊಳಗೆ ಒಂದು ಬಟನ್ನಾಗಿ ಸೇರಿಕೊಂಡಿರುವ ಅಯಾನೈಸರ್. ಇದು ತುಂಬಾ ಮನೆಗಳಲ್ಲಿ ಇರುತ್ತದೆ, ಇದೆ ಅಂತಲೇ ಗೊತ್ತಿರುವುದಿಲ್ಲ. ಮೂರನೆಯದು ಕತ್ತಿಗೆ ನೇತುಹಾಕಿಕೊಳ್ಳುವ ಲಾಕೆಟ್ಟಿನಂಥದ್ದು. ನಾಲ್ಕನೆಯದು ಓಝೋನ್ ಮೆಷಿನ್. ಕಾರಿನ ವಾಸನೆ ತೆಗೆಯಲು, ತರಕಾರಿ ತೊಳೆಯಲು ಅಂತ ಮಾರುತ್ತಾರೆ. ಅದು ಅಯಾನೈಸರ್ ಅಲ್ಲವೇ ಅಲ್ಲ, ಓಝೋನ್ ಮಾಡುವುದೇ ಅದರ ಕೆಲಸ. ಜನ ಇರುವ ಕೋಣೆಯಲ್ಲಿ ಅದನ್ನು ಹಚ್ಚುವ ಮಾತೇ ಇಲ್ಲ.

ಆಮೇಲೆ: ಲೇಬಲ್ ತಿರುಗಿಸಿ ಒಂದು ಚಿಕ್ಕ ಲೆಕ್ಕ ಮಾಡಿ

ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ವೈದ್ಯಕೀಯ ಸಾಧನಗಳಿಗೆ ಇಟ್ಟಿರುವ ಓಝೋನ್ ಮಿತಿ 0.05 ಪಿಪಿಎಂ. ಅಂದರೆ ನೂರು ಕೋಟಿ ಪಾಲು ಗಾಳಿಯಲ್ಲಿ 50 ಪಾಲು ಓಝೋನ್, ಇದನ್ನೇ 50 ಪಿಪಿಬಿ ಅಂತಲೂ ಬರೆಯುತ್ತಾರೆ. ಕ್ಯಾಲಿಫೋರ್ನಿಯಾ ರಾಜ್ಯ ಮನೆಯ ಗಾಳಿ ಯಂತ್ರಗಳಿಗೂ ಇದೇ ಮಿತಿಯನ್ನು ಕಾನೂನು ಮಾಡಿದೆ, 2010ರಿಂದ ಅದು ಜಾರಿಯಲ್ಲಿದೆ. ನಮ್ಮ ದೇಶದಲ್ಲಿ 2009ರಲ್ಲಿ ಹೊರಗಿನ ಗಾಳಿಗೆ ಇಟ್ಟ ಮಾನದಂಡವೂ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಲ್ಲುತ್ತದೆ: 8 ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರಿಗೆ 100 ಮೈಕ್ರೋಗ್ರಾಂ.

ಈಗ ಲೆಕ್ಕ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಮಲಗುವ ಕೋಣೆ ಅಂದುಕೊಳ್ಳಿ. ಅದರಲ್ಲಿ ಸುಮಾರು 34 ಘನ ಮೀಟರ್ ಗಾಳಿ. ಮಿತಿ ಮುಟ್ಟಲು ಬೇಕಾದ ಓಝೋನ್ ಬರೀ 3.4 ಮಿಲಿಗ್ರಾಂ. ಗಂಟೆಗೆ 400 ಮಿಲಿಗ್ರಾಂ ಅಂತ ಲೇಬಲ್ ಇರುವ ಓಝೋನ್ ಮೆಷಿನ್ ಅಷ್ಟನ್ನು ಅರ್ಧ ನಿಮಿಷದಲ್ಲಿ ಬಿಟ್ಟುಬಿಡುತ್ತದೆ. ಅರ್ಧ ನಿಮಿಷ! ಹಾಲು ಉಕ್ಕುವುದಕ್ಕೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಗಂಟೆಗೆ ಒಂದೆರಡು ಮಿಲಿಗ್ರಾಮಿನ ಅಯಾನೈಸರ್ ಆದರೆ ಲೆಕ್ಕ ಬೇರೆ. ಓಝೋನ್ ಗೋಡೆ, ಬಟ್ಟೆಗೆಲ್ಲ ತಾಗಿ ತಾನೇ ಕರಗುತ್ತಾ ಹೋಗುವುದರಿಂದ ಅಷ್ಟು ಸುಲಭಕ್ಕೆ ಮಿತಿ ದಾಟುವುದಿಲ್ಲ. ನಿಮ್ಮ ಕೋಣೆಯ ಅಳತೆ ಹಾಕಿ ನೋಡಿ. ಘನ ಅಡಿಯನ್ನು 35ರಿಂದ ಭಾಗಿಸಿದರೆ ಘನ ಮೀಟರ್, ಅದನ್ನು 10ರಿಂದ ಭಾಗಿಸಿದರೆ ಎಷ್ಟು ಮಿಲಿಗ್ರಾಮಿಗೆ ಮಿತಿ ಮುಟ್ಟುತ್ತದೆ ಅನ್ನುವ ಲೆಕ್ಕ ಸಿಗುತ್ತದೆ.

ಲೇಬಲ್ಲಿನಲ್ಲಿ ಓಝೋನ್ ಲೆಕ್ಕವೇ ಇಲ್ಲವೇ? ‘ಅಯಾನು ಇಷ್ಟು ಕೋಟಿ’ ಅಂತ ಮಾತ್ರ ದೊಡ್ಡದಾಗಿ ಬರೆದಿದ್ದಾರಾ? ಹಾಗಾದರೆ ಕೊಳ್ಳಬೇಡಿ. ಆಗಲೇ ಕೊಂಡಿದ್ದರೆ ಮುಂದಿನ ಭಾಗಕ್ಕೆ ಬನ್ನಿ. ಅಂದಹಾಗೆ ಹುಡುಕಬೇಕಾದ ಗುರುತು ಎರಡು. ಒಂದು, ಕ್ಯಾಲಿಫೋರ್ನಿಯಾದ ಗಾಳಿ ಮಂಡಳಿ ಕಾರ್ಬ್ ಕೊಡುವ ಪ್ರಮಾಣಪತ್ರ, ಅಂದರೆ ಮೇಲೆ ಹೇಳಿದ 50 ಪಿಪಿಬಿ ಮಿತಿಯೊಳಗೆ ಇದೆ ಅಂತ. ಇನ್ನೊಂದು ಯುಎಲ್ ಅನ್ನುವ ಸುರಕ್ಷತಾ ಪರೀಕ್ಷೆಯ ಸಂಸ್ಥೆಯ ‘ಯುಎಲ್ 2998’ ಗುರುತು, ಇದು ಇನ್ನೂ ಬಿಗಿ, 5 ಪಿಪಿಬಿ ಒಳಗಿರಬೇಕು. ಈ ಹೆಸರುಗಳನ್ನು ಜಾಹೀರಾತಿನಲ್ಲಿ ಸುಮ್ನೆ ಹಾಕಿಕೊಳ್ಳುವವರೂ ಇರುತ್ತಾರೆ, ಮಾಡೆಲ್ ನಂಬರ್ ಹಿಡಿದು ಪಟ್ಟಿಯಲ್ಲಿ ಹುಡುಕಿ ನೋಡಿ.

ಮನೆಯಲ್ಲೇ ಪರೀಕ್ಷೆ

ನಮ್ಮ ಮೂಗು ಒಳ್ಳೆಯ ಮೀಟರ್, ಆದರೆ ಬೇಗ ಒಗ್ಗಿಹೋಗುತ್ತದೆ. ಎರಡು ತಿಂಗಳು ಅದೇ ಕೋಣೆಯಲ್ಲಿ ಮಲಗಿದ ನನಗೆ ಗೊತ್ತಾಗದ್ದು ಅಮ್ಮನಿಗೆ ಬಾಗಿಲಲ್ಲೇ ಗೊತ್ತಾಯಿತಲ್ಲ, ಹಾಗೆ. ಆದ್ದರಿಂದ ಯಂತ್ರ ಹಚ್ಚಿ, ಬಾಗಿಲು ಕಿಟಕಿ ಮುಚ್ಚಿ, ನೀವು ಹೊರಗೆ ಹೋಗಿ. ಒಂದು ಗಂಟೆ ಬಿಟ್ಟು ಹೊರಗಿನ ಗಾಳಿಯಿಂದ ನೇರ ಬಂದು ಬಾಗಿಲು ತೆಗೆದು ಒಮ್ಮೆ ಮೂಸಿ ನೋಡಿ. ಜೆರಾಕ್ಸ್ ಅಂಗಡಿ, ವೆಲ್ಡಿಂಗ್ ಶಾಪು, ಸಿಡಿಲು, ಈಜುಕೊಳದ ಕ್ಲೋರಿನ್ ಹಾಗೆ ಏನಾದರೂ ಬಂತಾ? ಯಂತ್ರ ಆರಿಸಿ, ಕಿಟಕಿ ತೆಗೆಯಿರಿ. ಉಬ್ಬಸ ಇರುವವರು ಈ ಪರೀಕ್ಷೆ ಮಾಡಬಾರದು, ಬೇರೆಯವರ ಕೈಲಿ ಮಾಡಿಸಿ. ಯಂತ್ರದ ಬಾಯಿಗೆ ಮೂಗಿಟ್ಟು ಎಳೆಯುವುದಂತೂ ಯಾರೂ ಬೇಡ.

ಇನ್ನೊಂದು ನಿಧಾನದ ಪರೀಕ್ಷೆ ಇದೆ. ಎರಡು ಹೊಸ ರಬ್ಬರ್ ಬ್ಯಾಂಡನ್ನು ಎರಡು ಡಬ್ಬಿಗೆ ಬಿಗಿಯಾಗಿ ಎಳೆದು ಹಾಕಿ. ಒಂದನ್ನು ಯಂತ್ರದ ಹತ್ತಿರ ಇಡಿ, ಒಂದನ್ನು ಬೇರೆ ಕೋಣೆಯಲ್ಲಿ. ಎಳೆದ ರಬ್ಬರ್ ಓಝೋನ್ ತಾಗಿದರೆ ಅಡ್ಡಡ್ಡ ಬಿರುಕು ಬಿಡುತ್ತದೆ. ಕೆಲವು ದಿನದಲ್ಲಿ ಯಂತ್ರದ ಹತ್ತಿರದ್ದು ಮಾತ್ರ ಬಿರಿದರೆ ಉತ್ತರ ಸಿಕ್ಕಿತು. ಬಿರಿಯಲಿಲ್ಲ ಅಂದ ಮಾತ್ರಕ್ಕೆ ಸುರಕ್ಷಿತ ಅಂತ ಅಲ್ಲ.

ಒಂದು ಮೋಸದ ಬಗ್ಗೆ ಹೇಳಲೇಬೇಕು. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಗಾಳಿ ಮೀಟರುಗಳು ಪಿಎಂ 2.5, ಅಂದರೆ ಗಾಳಿಯಲ್ಲಿನ ಅತಿ ಸಣ್ಣ ಧೂಳು ಮಾತ್ರ ತೋರಿಸುತ್ತವೆ, ಓಝೋನ್ ಅವಕ್ಕೆ ಕಾಣುವುದೇ ಇಲ್ಲ. ಅಯಾನೈಸರ್ ಹಚ್ಚಿದ ಮೇಲೆ ಮೀಟರಿನ ಅಂಕಿ ಇಳಿಯುತ್ತದೆ, ಧೂಳು ಗೋಡೆಗೆ ಹೋಗಿದೆಯಲ್ಲ! ವಿಡಿಯೋದಲ್ಲಿ ಗಾಜಿನ ಡಬ್ಬಿಯೊಳಗೆ ಹೊಗೆ ತುಂಬಿ ಅಯಾನೈಸರ್ ಹಚ್ಚಿ ಮಾಯ ಮಾಡಿ ತೋರಿಸುತ್ತಾರೆ, ಅದೂ ಇದೇ ಆಟ. ಆ ಗಾಜಿನ ಒಳಮೈಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ ತೋರಿಸಿ ಅಂತ ಕೇಳಬೇಕು.

ಯಾರ ಮನೆಯಲ್ಲಿ ಬೇಡವೇ ಬೇಡ

ಉಬ್ಬಸ ಇರುವವರು, ಸಿಒಪಿಡಿ ಅನ್ನುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವ ಹಿರಿಯರು, ಕೈಕೂಸು, ಬಸುರಿ, ಪಂಜರದ ಹಕ್ಕಿ. ಇವರಿರುವ ಮನೆಯಲ್ಲಿ ಬರೀ ಸೂಜಿಯ ಅಯಾನೈಸರ್ ತೆಗೆದಿಡಿ. ವಿಪರ್ಯಾಸ ನೋಡಿ, ಇದನ್ನು ಹೆಚ್ಚಾಗಿ ಕೊಳ್ಳುವುದೂ ಉಬ್ಬಸ, ಅಲರ್ಜಿ ಇರುವ ಮನೆಯವರೇ. 1993ರಲ್ಲಿ ಇಂಗ್ಲೆಂಡಿನಲ್ಲಿ ಧೂಳಿನ ಹುಳದ ಅಲರ್ಜಿ ಇದ್ದ 20 ಉಬ್ಬಸದ ಮಕ್ಕಳ ಕೋಣೆಯಲ್ಲಿ ಅಯಾನೈಸರ್ ಇಟ್ಟು ನೋಡಿದರು. ಗಾಳಿಯಲ್ಲಿ ಹುಳದ ಅಂಶ ಕಡಿಮೆಯಾಯಿತು, ಮಕ್ಕಳ ಉಬ್ಬಸ ಮಾತ್ರ ಕಡಿಮೆಯಾಗಲಿಲ್ಲ. ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆ ಕೂಡ ಉಬ್ಬಸಕ್ಕೆ ಅಯಾನೈಸರ್ ಬಳಸಿ ಅಂತ ಹೇಳುವಷ್ಟು ಆಧಾರ ಇಲ್ಲ ಅಂದಿದೆ.

ಮನೆಯಲ್ಲಿ ಯಾರಿಗಾದರೂ ಆಕ್ಸಿಜನ್ ಕೊಡುತ್ತಿದ್ದರೆ ಕಿಡಿ ಹಾರುವ ಯಾವ ಯಂತ್ರವೂ ಆ ಕೋಣೆಯಲ್ಲಿ ಬೇಡ. ಪೇಸ್‌ಮೇಕರ್ ಇದ್ದವರು ಡಾಕ್ಟರನ್ನು ಕೇಳಿ, ವಿಶೇಷವಾಗಿ ಆ ಲಾಕೆಟ್ ಬಗೆಯದಕ್ಕೆ. ಲಾಕೆಟ್ ಬಗ್ಗೆ ನನ್ನ ತಕರಾರು ಬೇರೆಯೂ ಇದೆ: ಓಝೋನ್ ಬಿಡಬಹುದಾದ ವಸ್ತುವನ್ನು ಮೂಗಿನಿಂದ ಒಂದು ಗೇಣು ಕೆಳಗೆ ನೇತುಹಾಕಿಕೊಂಡು ಊರೆಲ್ಲ ತಿರುಗುವುದು ಯಾವ ಬುದ್ಧಿವಂತಿಕೆ?

ಬಳಸಲೇಬೇಕು ಅಂದರೆ

ಕೆಲವರು ಬಿಡುವುದಿಲ್ಲ, ಗೊತ್ತು. ನಮ್ಮ ಭಾವನಿಗೆ ಎಷ್ಟು ಹೇಳಿದರೂ ‘ಇಲ್ಲ ಕಣಯ್ಯಾ, ನಂಗೆ ನಿದ್ದೆ ಚೆನ್ನಾಗಿ ಬರುತ್ತೆ’ ಅಂತಾನೆ. ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ.

ಜನ ಇಲ್ಲದ ಹೊತ್ತಿನಲ್ಲಿ ಹಚ್ಚಿ, ಮಲಗುವ ಮುಂಚೆ ಆರಿಸಿ, ಒಂದರ್ಧ ಗಂಟೆ ಕಿಟಕಿ ತೆಗೆದಿಡಿ. ಹಾಸಿಗೆಯ ತಲೆದೆಸೆಯಲ್ಲಿ ಇಡಬೇಡಿ, ಕನಿಷ್ಠ ಆರಡಿ ದೂರ ಇರಲಿ. ಗೋಡೆ, ಟಿವಿ, ಪರದೆಗಳಿಂದಲೂ ಎರಡು ಮೂರು ಅಡಿ ಬಿಟ್ಟಿಡಿ. ಬಚ್ಚಲು, ಸ್ಟೋರ್ ರೂಮಿನಂಥ ಇಕ್ಕಟ್ಟಿನ ಜಾಗ ಬೇಡ. ಅಡುಗೆಮನೆಯಲ್ಲಂತೂ ಬೇಡವೇ ಬೇಡ, ಗ್ಯಾಸ್ ಇರುವ ಕಡೆ ಕಿಡಿ ಬರಬಹುದಾದ ಯಂತ್ರ ಯಾಕೆ? ಗ್ಯಾಸ್ ವಾಸನೆ ಬಂದರೆ ‘ಹಚ್ಚು ಅಯಾನೈಸರ್’ ಅಂತ ಓಡುವುದಲ್ಲ, ಯಾವ ಸ್ವಿಚ್ಚನ್ನೂ ಮುಟ್ಟದೆ ಕಿಟಕಿ ತೆರೆದು ಸಿಲಿಂಡರ್ ಬಂದ್ ಮಾಡಿ ಹೊರಗೆ ಬರಬೇಕು.

ನೆಲ ಒರೆಸುವ ದಿನ ಯಂತ್ರ ಆಫ್ ಇರಲಿ. ನಿಂಬೆ, ಕಿತ್ತಳೆ, ಪೈನ್ ಘಮದ ಫಿನಾಯಿಲ್ ಮತ್ತು ಲಿಕ್ವಿಡ್‌ಗಳಲ್ಲಿರುವ ಸುವಾಸನೆಯ ಅಂಶ ಓಝೋನ್ ಜೊತೆ ಸೇರಿದರೆ ಫಾರ್ಮಾಲ್ಡಿಹೈಡ್ ಮತ್ತು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಹುಟ್ಟುತ್ತವೆ. ಅಂದರೆ ಕಸ ತೆಗೆಯಲು ತಂದ ಯಂತ್ರವೇ ಹೊಸ ಕಸ ಮಾಡಿದ ಹಾಗಾಯಿತು. ರೂಮ್ ಫ್ರೆಶ್ನರ್ ಹೊಡೆದರೂ ಇದೇ ಕಥೆ. ಘಮ ಇಲ್ಲದ ಸಾಬೂನು ನೀರು ಸಾಕು.

ಪ್ಯೂರಿಫೈಯರ್ ಅಥವಾ ಏಸಿಯಲ್ಲಿ ಅಯಾನ್ ಬಟನ್ ಇದ್ದರೆ ಅದನ್ನು ಆಫ್ ಮಾಡಿ ಬಿಡಿ. ಪ್ಯೂರಿಫೈಯರಿನಲ್ಲಿ ಧೂಳು ಹಿಡಿಯುವುದು ಫಿಲ್ಟರ್ ಮತ್ತು ಫ್ಯಾನ್, ಅಯಾನ್ ಇಲ್ಲದಿದ್ದರೂ ಅವು ತಮ್ಮ ಕೆಲಸ ಮಾಡುತ್ತವೆ. ಕೆಲವು ಮಾಡೆಲ್‌ಗಳಲ್ಲಿ ಕರೆಂಟು ಹೋಗಿ ಬಂದ ಮೇಲೆ ಅಯಾನ್ ತಾನೇ ಆನ್ ಆಗಿರುತ್ತದೆ. ನಮ್ಮೂರುಗಳಲ್ಲಿ ಕರೆಂಟು ಎಷ್ಟು ಸಲ ಹೋಗುತ್ತದೆ ಅಂತ ನಿಮಗೇ ಗೊತ್ತು, ಆಗಾಗ ದೀಪ ನೋಡುತ್ತಿರಿ.

ಶುಚಿ ಮಾಡುವುದು

ಸೂಜಿಗೆ ಧೂಳು ಹಿಡಿದರೆ ಅಯಾನು ಸರಿಯಾಗಿ ಬರುವುದಿಲ್ಲ. ಧೂಳು ಹಿಡಿಯುವ ಲೋಹದ ತಗಡು ಇರುವ ಮಾಡೆಲ್ ಆದರೆ ಕೊಳೆ ಹೆಚ್ಚಿದಂತೆ ಕಿಡಿ ಹಾರಿ ‘ಚಟ್ ಚಟ್’ ಅನ್ನುತ್ತದೆ, ಓಝೋನೂ ಜಾಸ್ತಿಯಾಗುತ್ತದೆ. ಪ್ಲಗ್ ಕಿತ್ತು, ಹತ್ತು ನಿಮಿಷ ಬಿಟ್ಟು, ಒಣ ಮೆತ್ತನೆ ಬ್ರಷ್‌ನಿಂದ ಸೂಜಿ ಒರೆಸಿ. ತಗಡು ತೊಳೆಯಬಹುದಾದದ್ದಾದರೆ ತೊಳೆದು ಪೂರ್ತಿ ಒಣಗಿಸಿ, ತೇವ ಇದ್ದಾಗ ಹಾಕಬೇಡಿ. ಬೆಂಗಳೂರಿನಲ್ಲಿ ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದರೆ ವಾರಕ್ಕೊಮ್ಮೆ ಈ ಕೆಲಸ ಬೇಕಾಗುತ್ತದೆ. ಡಬ್ಬಿಯನ್ನು ಬಿಚ್ಚಿ ಒಳಗೆ ಕೈ ಹಾಕುವುದು ಬೇಡ.

ಇದರಿಂದ ಆಗದ ಕೆಲಸ

ಗೋಡೆಯ ಬೂಸು ಹೋಗುವುದಿಲ್ಲ. ಮಲೆನಾಡು, ಕರಾವಳಿಯ ಮಳೆಗಾಲದ ಮುಗ್ಗಲು ವಾಸನೆಗೆ ತೇವದ ಮೂಲ ಹುಡುಕಬೇಕು, ಸೋರುವ ಪೈಪು, ನೀರು ಇಳಿಯುವ ಸಜ್ಜಾ. ಚಳಿಗೆ ಕೋಣೆಯೊಳಗೆ ಇದ್ದಿಲು ಹಾಕಿ ಅಗ್ಗಿಷ್ಟಿಕೆ ಇಟ್ಟರೆ, ಗಾಳಿ ಆಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿದರೆ ಬರುವ ಕಾರ್ಬನ್ ಮೊನಾಕ್ಸೈಡ್ ಅನ್ನು ಯಾವ ಅಯಾನೈಸರೂ ತೆಗೆಯುವುದಿಲ್ಲ. ಅದಕ್ಕೆ ವಾಸನೆಯೂ ಇಲ್ಲ, ಜೀವ ಹೋಗುತ್ತದೆ.

‘ಜಲಪಾತದ ಗಾಳಿ ನಿಮ್ಮ ಮನೆಯಲ್ಲಿ’ ಅನ್ನುವ ಮಾತೂ ಕೇಳಿರುತ್ತೀರಿ. ಜಲಪಾತದ ಹತ್ತಿರ ನೆಗೆಟಿವ್ ಅಯಾನು ಇರುವುದು ನಿಜ, ಫಿಲಿಪ್ ಲೆನಾರ್ಡ್ ಅನ್ನುವ ವಿಜ್ಞಾನಿ 1892ರಲ್ಲೇ ಅದನ್ನು ಬರೆದ. ಆದರೆ ಅಲ್ಲಿ ನೀರು ಒಡೆದು ಹನಿಯಾಗುವಾಗ ಅಯಾನು ಹುಟ್ಟುತ್ತದೆ, ಸೂಜಿಗೆ ಸಾವಿರಾರು ವೋಲ್ಟ್ ಕೊಟ್ಟು ಅಲ್ಲ. ಜೋಗದಲ್ಲಿ ನಿಂತಾಗ ಹಾಯೆನಿಸುವುದಕ್ಕೆ ಅಯಾನೇ ಕಾರಣವಾ, ರಜೆ ಕಾರಣವಾ, ನೀವೇ ಯೋಚಿಸಿ.

ಹಾಗಾದರೆ ಸೀನಿಗೆ ಏನು ಮಾಡಿದಿರಿ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಿತ್ತು ನಮ್ಮದು. ತೊಂದರೆ ಇದ್ದದ್ದು ಮಗಳ ಹಳೇ ಹತ್ತಿ ಹಾಸಿಗೆ, ದಿಂಬಿನಲ್ಲಿ. ದಿಂಬು ಬದಲಾಯಿಸಿದೆವು. ಹಾಸಿಗೆಯನ್ನು ಅಮ್ಮನೇ ನಿಂತು ತಾರಸಿ ಮೇಲೆ ಬಿಸಿಲಿಗೆ ಹಾಕಿಸಿ ಕೋಲಿನಿಂದ ಬಡಿಸಿದರು, ಆಮೇಲೆ ಜಿಪ್ ಇರುವ ದಟ್ಟ ನೇಯ್ಗೆಯ ಕವರ್ ಹಾಕಿದೆವು. ಹೊದಿಕೆ, ಗವಸು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ವಾಷಿಂಗ್ ಮೆಷಿನ್ನಿಗೆ. ಆ ಬಿಸಿಗೆ ಧೂಳಿನ ಹುಳ ಸಾಯುತ್ತದೆ. ಒಣ ಪೊರಕೆಯಲ್ಲಿ ಗುಡಿಸುವ ಮುಂಚೆ ನೆಲಕ್ಕೆ ಒದ್ದೆ ಬಟ್ಟೆ. ಸೊಳ್ಳೆ ಬತ್ತಿ ನಿಲ್ಲಿಸಿ ಪರದೆ ಕಟ್ಟಿದೆವು. ಊದುಬತ್ತಿ ದೇವರ ಮನೆಯಲ್ಲಿ ಒಂದೇ ಕಡ್ಡಿ, ಕಿಟಕಿ ತೆಗೆದು. ಒಗ್ಗರಣೆ ಹಾಕುವ ಮುಂಚೆ ಎಕ್ಸಾಸ್ಟ್ ಫ್ಯಾನ್ ಆನ್, ಮೆಣಸಿನಕಾಯಿ ಘಾಟು ಬಂದ ಮೇಲೆ ಅಲ್ಲ. ಹಿಂದಿನ ಖಾಲಿ ಸೈಟಿನ ಕಾಂಗ್ರೆಸ್ ಗಿಡ ಹೂ ಬಿಡುವ ಮುಂಚೆ ಕೀಳಿಸಿದ್ದೂ ಉಪಯೋಗಕ್ಕೆ ಬಂತು ಅನ್ನಿಸುತ್ತದೆ.

ಇಷ್ಟಾದ ಮೇಲೂ ಯಂತ್ರ ಬೇಕು ಅನಿಸಿದರೆ ಹೆಪಾ ಅನ್ನುವ, ಸಣ್ಣ ಧೂಳನ್ನೂ ಹಿಡಿಯುವ ಫಿಲ್ಟರಿನ ಪ್ಯೂರಿಫೈಯರ್ ನೋಡಿ. ಗಂಟೆಗೆ ಎಷ್ಟು ಗಾಳಿ ಸೋಸಿ ಕೊಡುತ್ತದೆ ಅಂತ ಹೇಳುವ ಸಿಎಡಿಆರ್ ಅನ್ನುವ ಅಂಕಿ ಮುಖ್ಯ. ಗಂಟೆಗೆ ಐದು ಸಲ ಕೋಣೆಯ ಗಾಳಿ ಸೋಸಬೇಕು ಅಂದುಕೊಂಡರೆ ನಮ್ಮ 34 ಘನ ಮೀಟರ್ ಕೋಣೆಗೆ ಗಂಟೆಗೆ 170 ಘನ ಮೀಟರ್ ಬೇಕು. ಫಿಲ್ಟರ್ ಬದಲಾಯಿಸುವ ಖರ್ಚನ್ನೂ ಅಂಗಡಿಯಲ್ಲೇ ಕೇಳಿಕೊಳ್ಳಿ, ಯಂತ್ರಕ್ಕಿಂತ ಅದೇ ಭಾರ ಆದೀತು.

ಅಯಾನೈಸರ್ ಓಡುವ ಮನೆಯಲ್ಲಿ ಯಾರಿಗಾದರೂ ಕೆಮ್ಮು, ಎದೆ ಬಿಗಿತ, ಕಣ್ಣುರಿ ಶುರುವಾಗಿ ಹೊರಗೆ ಹೋದರೆ ಕಡಿಮೆ, ಮನೆಗೆ ಬಂದರೆ ಜಾಸ್ತಿ ಅಂತಾದರೆ ಯಂತ್ರ ಆರಿಸಿ, ಕಿಟಕಿ ತೆಗೆದು, ಒಂದು ವಾರ ನೋಡಿ. ಡಾಕ್ಟರ ಹತ್ತಿರ ಹೋದಾಗ ಯಂತ್ರದ ವಿಷಯ ಮರೆಯದೆ ಹೇಳಿ, ಅವರಾಗಿ ಕೇಳುವುದಿಲ್ಲ. ಉಸಿರು ಸಿಗದೆ ಮಾತಾಡಲೂ ಕಷ್ಟ ಆದರೆ, ಇನ್‌ಹೇಲರಿಗೂ ಬಗ್ಗದಿದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಇನ್ನು ಗೋಡೆಯ ಮಸಿ. ಒದ್ದೆ ಬಟ್ಟೆ ಹಾಕಿ ಉಜ್ಜಿದೆ, ಅಂಗೈಯಗಲ ಇದ್ದದ್ದು ಮೊರದಗಲ ಆಯಿತು. ನೀವು ಹಾಗೆ ಮಾಡಬೇಡಿ. ಮೊದಲು ಒಣ ಸ್ಪಂಜಿನಿಂದ ಮೇಲಿಂದ ಕೆಳಕ್ಕೆ ನಿಧಾನ ಎಳೆದು ಮಸಿ ಎತ್ತಿ, ಸ್ಪಂಜಿನ ಮುಖ ಬದಲಿಸುತ್ತಾ ಹೋಗಿ, ಆಮೇಲೆ ಉಳಿದ ಕಲೆಗೆ ಮಾತ್ರ ಸಾಬೂನು ನೀರು. ನಮ್ಮದು ಬಾಡಿಗೆ ಮನೆ, ಬಿಡುವಾಗ ಪೇಂಟಿಂಗ್ ದುಡ್ಡು ಹಿಡಿದುಕೊಳ್ಳುತ್ತಾರೆ ಅಂತ ಸದ್ಯಕ್ಕೆ ಅಲ್ಲೊಂದು ಕ್ಯಾಲೆಂಡರ್ ನೇತುಹಾಕಿದ್ದೇವೆ.